ಶಾವಂತ್ರೆವ್ವನ ತುಟಿ

ಶಾವಂತ್ರೆವ್ವ ಸೆರಗಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಬಿಲ್ಲೆ ಹುಣಸೆಬೀಜಕ್ಕಿಂತ ತುಸು ದೊಡ್ಡದು. ಅದರ ನಡುವೆ ಒಂದು ಕಣ್ಣು, ಕಣ್ಣಿನ ಮಗ್ಗುಲಿಗೆ ಒಂದು ದೀಪ. ಹುಬ್ಬಳ್ಳಿಯ ಕೇಂದ್ರದಲ್ಲಿ ಮೇಲ್ವಿಚಾರಕಿ ಕೂತು ನೋಡತೊಡಗಿದರೆ ದೀಪ ಹಸಿರಾಗಿ ಹತ್ತುತ್ತಿತ್ತು. ಅವರು ನೋಡುವುದನ್ನು ಬಿಟ್ಟರೆ ಆರುತ್ತಿತ್ತು. ಅರಿಷಿಣಗೊಪ್ಪದ ನೇಕಾರರ ಓಣಿಯವರಿಗೆ ಮೊದಮೊದಲು ಅದರ ಅಂಜಿಕೆಯೇ ಅಂಜಿಕೆ. ಹಸಿರು ಕಂಡ ಕೂಡಲೇ ಹೆಂಗಸರು ತಲೆಯ ಮೇಲೆ ಸೆರಗು ಹೊದೆಯುವರು, ಗಂಡಸರು ಬೀಡಿಯನ್ನು ಬೆನ್ನ ಹಿಂದೆ ಹಿಡಿಯುವರು. ಬರಬರುತ್ತ ಅದೂ ಮನೆಗೆ ಬಂದುಹೋಗುವ ಬೀಗರ ಹಾಗಾಯಿತು.

"ಮೇಡಂ ಬಂದಾರೇನ ಚಿಗವ್ವ?" ಎಂದು ಅನಸೂಯಾ ಒಲೆಯ ಮುಂದಿನಿಂದಲೇ ಕೂಗಿ ಕೇಳುವಳು.

"ಹೂಂ, ಹಸರ ಹತ್ತೇತಿ ನೋಡು."

"ಹಂಗಾರ ಚಾಕ್ಕ ಒಂದ್ ಕಪ್ ನೀರ ಹೆಚ್ಚಿಗಿ ಇಡ್ತೇನಿ."

"ಸಕ್ಕರಿ ಕಡಿಮಿ ಹಾಕ್ರಿ ಅನಸೂಯಾ, ನಮ್ಮ ಡಾಕ್ಟರ ಬೈತಾರ," ಎಂದು ಬಿಲ್ಲೆಯೊಳಗಿಂದ ಮೆಹಜಬೀನ್ ಮೇಡಮ್ಮಿನ ದನಿ ಬರುವುದು. ಮನೆಯೆಲ್ಲ ನಗುವುದು. ನಕ್ಕವರಲ್ಲಿ ಅನಸೂಯಾಳ ಅತ್ತೆ ಫಕೀರವ್ವನೂ ಇರುತ್ತಿದ್ದಳು. ಲಕ್ವಾ ಹೊಡೆದು ಆಕೆಯ ಬಲಗೈ ಸೋತಿತ್ತು, ಮಾತು ಹೋಗಿತ್ತು. ಆದರೆ ಕೇಳಿದ್ದೆಲ್ಲ ತಿಳಿಯುತ್ತಿತ್ತು, ನಗು ಎಲ್ಲೂ ಹೋಗಿರಲಿಲ್ಲ.

ಈ ಬಿಲ್ಲೆಯ ಕಾಯಿದೆ ಬಂದದ್ದು ಕೊರಳಪಟ್ಟಿ ಬಂದ ಮೇಲೆ. ಮಾತು ಕಳೆದುಕೊಂಡವರಲ್ಲೂ ಹೇಳಬೇಕೆಂದ ಶಬ್ದ ಗಂಟಲವರೆಗೆ ಬಂದು ಸಣ್ಣಗೆ ನಡುಗಿ ಅಲ್ಲೇ ಇಂಗಿಹೋಗುತ್ತದೆ ಎಂಬುದನ್ನು ಕಂಡುಹಿಡಿದವರು, ಆ ನಡುಕವನ್ನು ಓದುವ ಪಟ್ಟಿಯೊಂದನ್ನು ಮಾಡಿದರು. ಕೊರಳಿಗೆ ಮೆತ್ತಗೆ ಕಟ್ಟಿದರೆ ಅದು ನಡುಕ ಹಿಡಿದು, ಕಿವಿಯ ಹಿಂದೆ ಅಂಟಿಸಿದ ಗುಂಡಿಯಿಂದ ಆ ಶಬ್ದದ ಮೊದಲ ಅಕ್ಷರವನ್ನಷ್ಟೇ ಕೇಳಿಸುತ್ತದೆ. ಮುಂದಿನದನ್ನು ಮನುಷ್ಯ ತಾನೇ ಎಳೆದು ತಂದುಕೊಳ್ಳಬೇಕು. ದಿನ ಕಳೆದಂತೆ ಪಟ್ಟಿ ಬೇಕೆಂದೇ ತಡ ಮಾಡುತ್ತ ಹೋಗುತ್ತದೆ. ಕಡೆಗೊಂದು ದಿನ ಸುಮ್ಮನಾಗುತ್ತದೆ. ಮೊದಲಿಗೆ ಅದನ್ನು ಪೇಟೆಯಲ್ಲಿ ಕೊಂಡು ತಾವೇ ಕಟ್ಟಿಕೊಂಡವರಿದ್ದರು. ಅವರು ಪಟ್ಟಿ ಅಕ್ಷರ ಕೊಟ್ಟರಷ್ಟೇ ಆಡುತ್ತ, ಅದನ್ನು ಬಿಚ್ಚಿದ ದಿನ ಮೊದಲಿಗಿಂತ ಹೆಚ್ಚು ಮೂಕರಾದರು. ಆಮೇಲೆ ಕಾಯಿದೆ ಬಂತು. ಪಕ್ಕದಲ್ಲಿ ಕಲಿತ ಸಹಾಯಕಿಯಿಲ್ಲದೆ ಪಟ್ಟಿ ಕಟ್ಟಕೂಡದು. ಮೇಲೆ ನೋಡುವ ಕಣ್ಣಿಲ್ಲದೆ ಸಹಾಯಕಿ ಪಾಠ ಮಾಡಕೂಡದು. ನಡುವೆ ದೀಪ ಆರಿದರೆ ಪಟ್ಟಿ ಬಿಚ್ಚಿಡಬೇಕು.

ಶಾವಂತ್ರೆವ್ವ ಒಂದು ಮಳೆಗಾಲವೆಲ್ಲ ಹುಬ್ಬಳ್ಳಿಯಲ್ಲಿದ್ದು ಇದನ್ನು ಕಲಿತು ಬಂದವಳು. ಅಲ್ಲಿ ಕಲಿಸಿದ್ದರಲ್ಲಿ ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಹೆಚ್ಚು ಎಂದು ಅವಳಿಗೆ ಅನಿಸಿತ್ತು. ಮೇಲ್ವಿಚಾರಕಿ ಗೊತ್ತು ಮಾಡಿದ ಪಾಠವನ್ನೇ ನಡೆಸಬೇಕು, ತನಗೆ ತಿಳಿದಂತೆ ಬದಲಿಸಬಾರದು. ಮನೆಯವರು ಎಷ್ಟು ಗೋಗರೆದರೂ ಮಾತು ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಎಂದು ಹೇಳಬಾರದು. ರೋಗಿ ಶಬ್ದ ಹುಡುಕುತ್ತಿರುವಾಗ ನಡುವೆ ಬಾಯಿ ಹಾಕಬಾರದು. ಅವಳು ಎಲ್ಲದಕ್ಕೂ ತಲೆಯಾಡಿಸಿ, ಪರೀಕ್ಷೆಯಲ್ಲಿ ಎಲ್ಲದಕ್ಕೂ ಸರಿಯಾದ ಉತ್ತರ ಕೊಟ್ಟು, ಬಿಲ್ಲೆ ಸಿಕ್ಕಿಸಿಕೊಂಡು ಊರಿಗೆ ಬಂದಿದ್ದಳು. ಮೊದಲ ರೋಗಿ ಯಾರೆಂದು ಕೇಳಿದಾಗ ಎರಡನೆಯ ಯೋಚನೆಯಿಲ್ಲದೆ ಫಕೀರವ್ವನ ಹೆಸರು ಹೇಳಿದ್ದಳು. ಅವಳು ಆ ಕೆಲಸ ಕಲಿಯಹೋದದ್ದೇ ಫಕೀರವ್ವನಿಗಾಗಿ.

ಇಬ್ಬರೂ ಸಂಘದ ಶೆಡ್ಡಿನಲ್ಲಿ ಒಂದೇ ಮಗ್ಗದ ಮುಂದೆ ಕೂತು ಜಮಖಾನೆ ನೇಯ್ದವರು. ಅರಿಷಿಣಗೊಪ್ಪದ ಜಮಖಾನೆಗೆ ನಕಾಶೆ ನೋಡಿ ನೇಯುವ ರೂಢಿಯಿಲ್ಲ. ಬಲಕ್ಕೆ ಕೂತವಳು ನೆನಪಿನಿಂದ ಬಣ್ಣ ಕರೆಯುತ್ತಾಳೆ: "ಕೆಂಪು ಮೂರು, ನೀಲಿ ಒಂದು, ಹಿಂದಕ ಕೆಂಪು." ಎಡಕ್ಕೆ ಕೂತವಳು ಅದನ್ನೇ ತುಟಿಯಲ್ಲಿ ಅನ್ನುತ್ತ ನೂಲು ಹಾಯಿಸುತ್ತಾಳೆ. ಶೆಡ್ಡಿನಲ್ಲಿ ಉಳಿದ ಮಗ್ಗಗಳ ಗದ್ದಲ. ಕಿವಿಗೆ ಬಿದ್ದ ಮೇಲೆ ತುಟಿಯಾಡಿಸಿದರೆ ಎಳೆ ತಪ್ಪುತ್ತದೆ. ಕರೆಯುವವಳ ಬಾಯಿ ತೆರೆಯುವಾಗಲೇ ಜೋಡಿಯವಳ ಬಾಯೂ ತೆರೆಯಬೇಕು. ಹೊಸದಾಗಿ ಮಗ್ಗಕ್ಕೆ ಕೂತ ಹುಡುಗಿಯರಿಗೆ ಮೊದಲು ಕಲಿಸುವುದು ನೂಲು ಹಿಡಿಯುವುದನ್ನಲ್ಲ, ಇದನ್ನು. ಹರೆಯದಿಂದ ತಲೆಗೂದಲು ಉದುರುವ ತನಕ ಫಕೀರವ್ವ ಕರೆದಳು, ಶಾವಂತ್ರೆವ್ವ ತುಟಿಯಲ್ಲಿ ಅಂದಳು. ಫಕೀರವ್ವ ಬಿದ್ದ ಮೇಲೆ ಆ ಮಗ್ಗದ ಬಲಗಡೆಯ ಮಣೆಯ ಮೇಲೆ ಯಾರೂ ಕೂತಿರಲಿಲ್ಲ.

ಪಾಠ ಚೆನ್ನಾಗಿ ನಡೆಯಿತು. ಶಾವಂತ್ರೆವ್ವ ಎದುರಿಗೆ ಕೂತು ಚಿತ್ರ ಹಿಡಿಯುವಳು.

"ಇದ ಏನಬೇ ಫಕೀರವ್ವ?"

"ಕ... ಕತ್ತರಿ."

"ಭಲೇ. ಇದು?"

"ಮೊ... ಮೊರ."

ಚಿತ್ರಗಳ ಮೇಲೆ ಚಿತ್ರಗಳು ಮುಗಿದವು. ಚಿಕ್ಕ ಮಾತುಗಳ ಮೇಲೆ ದೊಡ್ಡ ಮಾತುಗಳು ಬಂದವು. ಅನಸೂಯಾ ಚಹಾ ತಂದಿಟ್ಟು ಬಾಗಿಲಿಗೆ ಆತು ನಿಲ್ಲುವಳು. "ನಿಮ್ಮ ಮುಂದ ಇಷ್ಟ ಮಾತಾಡ್ತಾಳ ನಮ್ಮತ್ತಿ. ನಾ ಏನರ ಕೇಳಿದ್ರ ಬರೇ ಕೈ ಮಾಡ್ತಾಳ. ಸೊಸಿ ಮ್ಯಾಲೆ ಸಿಟ್ಟೋ ಏನೋ."

"ಜೋಡಿ ಮಗ್ಗದಾಗ ಕುಂತವ್ರು ನಾವು. ನೀ ನಿನ್ನೆ ಮೊನ್ನೆ ಬಂದಾಕಿ," ಎಂದು ಶಾವಂತ್ರೆವ್ವ ಎದೆಯುಬ್ಬಿಸಿದಳು.

"ನಿನ್ನೆ ಮೊನ್ನೆ ಬಂದಾಕಿಗೆ ಎರಡ ಮಕ್ಕಳಾದ್ವು ಚಿಗವ್ವ!" ಅನಸೂಯಾ ನಕ್ಕಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. "ಖರೇ ಹೇಳ್ರಿ. ಅತ್ತಿ ಮತ್ತ ಶೆಡ್ಡಿಗೆ ಹೋಗಿ ಕರೀತಾಳೇನು?"

ಫಕೀರವ್ವ ಶಾವಂತ್ರೆವ್ವನ ಮುಖವನ್ನೇ ನೋಡುತ್ತಿದ್ದಳು. ದೀಪ ಆರಿತ್ತು, ಪಾಠ ಮುಗಿದು ಪಟ್ಟಿ ಬಿಚ್ಚಿಯಾಗಿತ್ತು. ಹೇಳಬಾರದೆಂಬುದು ಶಾವಂತ್ರೆವ್ವನಿಗೆ ಗೊತ್ತಿತ್ತು.

"ದೀಪಾವಳಿಗೆ ಬಲಗಡೆ ಮಣಿ ಮ್ಯಾಲೆ ಇರ್ತಾಳ, ತಗೋ," ಎಂದುಬಿಟ್ಟಳು.

ಮಾರನೆಯ ದಿನ ಫಕೀರವ್ವ ಸೊಸೆಯ ಕೈಯಿಂದ ಎಣ್ಣೆ ಹಚ್ಚಿಸಿಕೊಂಡು, ತಲೆ ಬಾಚಿಸಿಕೊಂಡು ಪಾಠಕ್ಕೆ ಕೂತಿದ್ದಳು.

ಕೇಂದ್ರದವರ ಕಣ್ಣಿಗೂ ಫಕೀರವ್ವನ ಪ್ರಗತಿ ಬಿದ್ದಿತ್ತು. ಮೆಹಜಬೀನ್ ಮೇಡಂ ಮೊದಲು ಹೊಗಳಿದರು. ನಂತರ ಹೊಗಳುವುದನ್ನು ನಿಲ್ಲಿಸಿದರು. ಪಾಠ ನೋಡುವಾಗ ಹೆಚ್ಚು ಮಾತಿಲ್ಲ, ಚಹಾದ ಚೇಷ್ಟೆಯೂ ಇಲ್ಲ. ಒಂದು ದಿನ, "ನಾಳೆ ನಾನ ಬರ್ತೇನ್ರಿ, ಶಾವಂತ್ರೆವ್ವ. ಎದುರಾ ಎದುರ ಕುಂತು ನೋಡೂದೂ ಕಾಯಿದೇದಾಗೈತಲ್ಲ," ಎಂದರು.

ಬೆಳಗಿನ ಬಸ್ಸಿಗೆ ಬಂದಿಳಿದರು. ಬಿಲ್ಲೆಯೊಳಗಿನ ದನಿಗೆ ಹೋಲಿಸಿದರೆ ಆಳು ಸಣ್ಣದು. ಮೊಣಕಾಲು ನೋವು, ಕೈಯಲ್ಲಿ ಕೊಡೆ. ಅನಸೂಯಾ ಓಡಾಡಿ ಚಾಪೆ ಹಾಸಿದಳು, ಸಕ್ಕರೆಯಿಲ್ಲದ ಚಹಾ ಕೊಟ್ಟಳು. ಮೇಡಂ ಚಾಪೆಯ ಮೇಲೆ ಕೂರದೆ ಫಕೀರವ್ವನ ಮಂಚದ ಮೇಲೆ, ಆಕೆಯ ಮಗ್ಗುಲಿಗೇ ಹೋಗಿ ಕೂತರು. "ನೀವು ದಿನದ ಹಂಗ ನಡಸ್ರಿ," ಎಂದರು.

ಶಾವಂತ್ರೆವ್ವ ಎಂದಿಗಿಂತ ಹುರುಪಿನಿಂದ ನಡೆಸಿದಳು. ಫಕೀರವ್ವ ಒಂದೂ ತಪ್ಪಲಿಲ್ಲ. ಮುಗಿದಾಗ ಶಾವಂತ್ರೆವ್ವ ಹಣೆಯ ಬೆವರು ಒರೆಸಿಕೊಂಡು ಹೊಗಳಿಕೆಗಾಗಿ ಮೇಡಮ್ಮಿನ ಕಡೆ ನೋಡಿದಳು.

"ಇನ್ನೊಂದ್ ಸಲ ಕೇಳ್ರಿ," ಎಂದರು ಮೇಡಂ ಮೆಲ್ಲಗೆ. "ಸೆರಗು ಬಾಯಿಗೆ ಅಡ್ಡ ಹಿಡಕೊಂಡು."

"ಮದುಮಗಳಂಗ?" ಎಂದು ನಗುತ್ತ ಶಾವಂತ್ರೆವ್ವ ಸೆರಗು ಎಳೆದುಕೊಂಡಳು. ಕತ್ತರಿಯ ಚಿತ್ರ ಹಿಡಿದಳು.

ಫಕೀರವ್ವ ಸೆರಗನ್ನು ನೋಡಿದಳು. ಪಟ್ಟಿ ಮೊದಲ ಅಕ್ಷರ ಕೊಟ್ಟಿರಬೇಕು, "ಕ..." ಎಂದಳು. ಮತ್ತೆ "ಕ..." ಎಂದಳು. ಮುಂದೆ ಏನೂ ಬರಲಿಲ್ಲ. ಎಡಗೈ ಚಾಚಿ ಸೆರಗನ್ನು ಕೆಳಗೆ ಜಗ್ಗಲು ನೋಡಿದಳು; ಮೇಡಂ ಆ ಕೈಯನ್ನು ಹಿಡಿದುಕೊಂಡು ಸವರಿದರು. ಮೊರ ಬರಲಿಲ್ಲ. ಕೊಡ ಬರಲಿಲ್ಲ. ನೀರು ಕೂಡ ಬರಲಿಲ್ಲ.

"ನಾ ಬೇಕಂತ ಮಾಡಿಲ್ರೀ ಮೇಡಂ," ಎಂದಳು ಶಾವಂತ್ರೆವ್ವ. ಸೆರಗು ಇನ್ನೂ ಬಾಯಿಯ ಮೇಲೇ ಇತ್ತು. "ನನ್ನ ತುಟಿ ಅಲ್ಲಾಡ್ತಿದ್ವು ಅನ್ನೂದ ನನಗ ಗೊತ್ತಿಲ್ರೀ."

"ನಂಗೊತ್ತೈತಿ. ಬಿಲ್ಲಿ ಇರೂದು ನಿಮ್ಮ ಎದಿ ಮ್ಯಾಲೆ. ಅದಕ್ಕ ಅಕಿ ಮುಖ ಕಾಣತೈತಿ, ನಿಮ್ಮದು ಕಾಣೂದಿಲ್ಲ." ಮೇಡಂ ಮುಂದುವರಿಸಿದರು. "ಮಾತು ಹುಡುಕೋರು ಎಲ್ಲೆಲ್ಲೋ ನೋಡ್ತಾರ್ರಿ. ಜಂತಿ ನೋಡ್ತಾರ, ನೆಲಾ ನೋಡ್ತಾರ. ಅಕಿ ಕಣ್ಣು ಯಾವಾಗಲೂ ಬಿಲ್ಲಿಗಿಂತ ಒಂದ್ ಗೇಣ ಮ್ಯಾಲೆ ನೆಟ್ಟಿರ್ತಿದ್ವು. ಪಟ್ಟಿ ಗಂಟಲ ನಡುಕ ಹಿಡದು ನನ್ನ ಪರದೆ ಮ್ಯಾಲೆ ಬರಿಯೋ ಗೆರಿನೂ ಹಂಗ. ತಡವರಿಸಿದ ಗೆರಿ ಅಲ್ಲ ಅದು, ಹೇಳಿಕೊಟ್ಟಿದ್ದನ್ನ ಅಂದವ್ರ ಗೆರಿ. ನಾ ಇದನ್ನ ಮೊದಲ ನೋಡಬೇಕಿತ್ತು. ಪೇಷಂಟ್‌ನ ನೋಡಕೋತ ಕುಂತೆ, ಸಹಾಯಕೀನ್ನ ನೋಡಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಅನಸೂಯಾ ಕೇಳಿದಳು. "ಹಂಗಾರ ದೀಪಾವಳಿಗೆ ಶೆಡ್ಡಿಗೆ ಹೋಗೂದು?"

ಮೇಡಂ ಶಾವಂತ್ರೆವ್ವನ ಕಡೆ ತಿರುಗಿದರು. ಶಾವಂತ್ರೆವ್ವ ತಲೆ ತಗ್ಗಿಸಿದಳು. ಆಗ ಮೇಡಂ ಫಕೀರವ್ವನ ಕೈ ಬಿಡದೆ, ಅನಸೂಯಾಳಿಗಲ್ಲ, ಆಕೆಗೇ ಹೇಳಿದರು. "ದೀಪಾವಳಿಗೆ ಆಗೂದಿಲ್ಲವ್ವ. ಯಾವಾಗ ಅಂತ ನನಗೂ ಗೊತ್ತಿಲ್ಲ. ಮಗ್ಗದ ಮುಂದ ಮತ್ತ ಕರೀತಿಯೋ ಇಲ್ಲೋ ಅದೂ ಗೊತ್ತಿಲ್ಲ. ಆದ್ರ ನಿನ್ನ ಮಾತು ನಿನ್ನೊಳಗ ಐತಿ. ಅದನ್ನ ಹುಡುಕೂಣು."

ಫಕೀರವ್ವ ಕೈ ಬಿಡಿಸಿಕೊಂಡು ಗೋಡೆಯ ಕಡೆ ಹೊರಳಿ ಮಲಗಿದಳು.

ಶಾವಂತ್ರೆವ್ವ ಹುಬ್ಬಳ್ಳಿಗೆ ಹೋಗಿ ಬಿಲ್ಲೆಯನ್ನು ಮೇಡಮ್ಮಿನ ಮೇಜಿನ ಮೇಲಿಟ್ಟಳು. ಆ ಕೋಣೆಯ ಗೋಡೆಯ ಪರದೆಯ ತುಂಬ ಮುಖಗಳು: ಯಾವ ಯಾವುದೋ ಊರಿನ ಮುದುಕರು, ಹರೆಯದವರು, ಎಲ್ಲರ ಕೊರಳಲ್ಲೂ ಪಟ್ಟಿ, ಒಬ್ಬೊಬ್ಬರ ಕೆಳಗೂ ನಡುಗುತ್ತ ಹರಿಯುವ ಗೆರೆ. ಫಕೀರವ್ವನ ಚೌಕ ಮಾತ್ರ ಖಾಲಿ.

"ಬ್ಯಾರೆಯವ್ರನ್ನ ಕಳಸ್ರಿ ಮೇಡಂ. ನನ್ನ ಬಾಯಿ ನನ್ನ ಮಾತು ಕೇಳೂದಿಲ್ಲ. ಅದು ಅಕಿ ಬಾಯಿಗೆ ಕಟ್ಟಿಹಾಕಿದ್ದೈತಿ."

"ಕಳಸಬಹುದು. ಕಾಯಿದೆ ಪ್ರಕಾರ ಅದು ನನ್ನ ಕೈಯಾಗಿನ ಮಾತು, ನಿಮ್ಮ ಕೈಯಾಗಿಂದಲ್ಲ." ಮೇಡಂ ಎದ್ದರು. "ಮೊದಲು ಇಲ್ಲಿ ಬರ್ರಿ. ಆಮ್ಯಾಲೆ ಹೇಳ್ತೇನಿ ಇಟಗೋಬೇಕೋ ಬಿಡಬೇಕೋ."

ಪಕ್ಕದ ಕೋಣೆಯಲ್ಲಿ ಅವಳ ಕಿವಿಗೆ ಒಂದು ಯಂತ್ರ ಇಟ್ಟರು. ಆಡಿದ ಮಾತನ್ನೇ ಅದು ಒಂದಿಷ್ಟು ತಡವಾಗಿ ಆಡಿದವರ ಕಿವಿಗೆ ತಿರುಗಿ ಕೇಳಿಸುತ್ತದೆ, ಅಷ್ಟೆ. ಅಷ್ಟಕ್ಕೇ ನಾಲಿಗೆ ಕಾಲಿಗೆ ಕಾಲು ತೊಡರಿದ ಹಾಗೆ ಮುಗ್ಗರಿಸುತ್ತದೆ. ಕಲಿಯುವಾಗಲೂ ಒಮ್ಮೆ ಹಾಕಿಕೊಂಡಿದ್ದಳು. ಆಗ ಎಲ್ಲರೂ ನಕ್ಕಿದ್ದರು. ಈಗ ಅವಳ ಎದುರಿಗೆ ಇನ್ನೊಬ್ಬ ಸಹಾಯಕಿಯನ್ನು ಕೂರಿಸಿದರು. ಒಳ್ಳೆಯ ಹೆಂಗಸು, ಮುಖದ ತುಂಬ ಮರುಕ.

"ನಿನ್ನೆ ಏನ್ ಅಡಿಗಿ ಮಾಡಿದ್ರಿ ಅಕ್ಕಾರ?"

"ರ... ರೊ..." ಶಾವಂತ್ರೆವ್ವನ ದನಿ ಅವಳ ಕಿವಿಯಲ್ಲೇ ಅವಳನ್ನು ಎಡವಿಸಿತು.

"ರವಾ ಉಪ್ಪಿಟ್ಟ? ಅಲ್ಲ? ಚಪಾತಿ? ಚಪಾತಿ ಹೌದಲ್ರಿ?"

ಶಾವಂತ್ರೆವ್ವ ಹೌದೆಂದು ತಲೆಯಾಡಿಸಿದಳು. ಆ ಹೆಂಗಸಿಗೆ ಖುಷಿಯಾಯಿತು. ಪಲ್ಯ ಏನು, ಹೆಸರುಕಾಳೇ ಎಂದಳು. ಅದಕ್ಕೂ ತಲೆಯಾಡಿಸಿದಳು. ಒಟ್ಟು ಮುಗಿದರೆ ಸಾಕಾಗಿತ್ತು.

ಆಮೇಲೆ ಮೇಡಂ ಎದುರಿಗೆ ಕೂತು ಅದನ್ನೇ ಕೇಳಿದರು. ಕೇಳಿ ಸುಮ್ಮನಾದರು. ಆ ಮುಖದಲ್ಲಿ ಅವಸರವಿರಲಿಲ್ಲ, ಮರುಕವೂ ಇರಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿರುವಾಗ ಕಟ್ಟೆಯ ಮೇಲೆ ಕೂತವರ ಮುಖದ ಹಾಗಿತ್ತು. ಶಾವಂತ್ರೆವ್ವ ತಡವರಿಸಿದಳು, ಬಿಟ್ಟಳು, ಕಿಟಕಿಯಾಚೆ ನೋಡಿದಳು. ಆ ಮುಖ ಅಲ್ಲೇ ಇತ್ತು. ತಿರುಗಿ ಹಿಡಿದಳು. "ರೊ... ರೊಟ್ಟಿ. ಬದ... ಬದನಿಕಾಯಿ."

ಯಂತ್ರ ತೆಗೆದಾಗ ಅವಳ ಕಣ್ಣಲ್ಲಿ ನೀರಿತ್ತು. "ನಾ ಚಪಾತಿ ಮಾಡಿರಲಿಲ್ರೀ ಮೇಡಂ," ಎಂದಳು.

"ಹೌದಲ್ಲ," ಎಂದರು ಮೇಡಂ. "ಹೂಂ ಅಂದ್ರಿ ಮತ್ತ?"

ಮೇಡಂ ಬಿಲ್ಲೆಯನ್ನು ತಾವೇ ಅವಳ ಸೆರಗಿಗೆ ಸಿಕ್ಕಿಸಿದರು.

ಒಂದು ವಾರ ಅಲ್ಲೇ ಇಟ್ಟುಕೊಂಡು ಕಲಿಸಿದರು. ತುಟಿ ಬಿಗಿದು ಕೂರುವುದಲ್ಲ, ಬಿಗಿದ ತುಟಿಯೂ ಮಾತಾಡುತ್ತದೆ. ನಾಲಿಗೆಯ ತುದಿಯನ್ನು ಕೆಳಹಲ್ಲಿಗೆ ಆನಿಸಿ ಬಿಡಬೇಕು, ಉಸಿರು ಮೂಗಿನಿಂದ, ಎದುರಿನವರ ಬಾಯಿಯನ್ನಲ್ಲ, ಕಣ್ಣನ್ನು ನೋಡಬೇಕು. ಕನ್ನಡಿಯ ಮುಂದೆ ಕೂತು ತನ್ನದೇ ಮುಖ ಕಾಯುವುದು ಅವಳಿಗೆ ಹತ್ತು ಮೊಳ ನೇಯ್ದದ್ದಕ್ಕಿಂತ ದಣಿವು ತಂದಿತು. ಹೊರಡುವಾಗ ಮೇಡಂ ಇನ್ನೊಂದು ಬಿಲ್ಲೆ ಕೊಟ್ಟರು, ಫಕೀರವ್ವನ ಹಿಂದಿನ ಗೋಡೆಗೆ ಅಂಟಿಸಲು. ಅದು ಶಾವಂತ್ರೆವ್ವನ ಮುಖ ನೋಡುತ್ತದೆ. ಇನ್ನು ಮೇಲೆ ಅವಳ ತುಟಿಯನ್ನೂ ಮೇಡಂ ನೋಡದೆ ಒಂದು ಪಾಠವೂ ನಡೆಯುವಂತಿಲ್ಲ.

ಊರಲ್ಲಿ ಫಕೀರವ್ವ ಅವಳನ್ನು ನೋಡಿ ಮುಖ ತಿರುಗಿಸಿದಳು. ಚಿತ್ರ ಹಿಡಿದರೆ ಚಿತ್ರ ನೋಡಳು, ತುಟಿ ನೋಡುವಳು. ಅವು ಅಲ್ಲಾಡದಿದ್ದರೆ ಕಣ್ಣು ಮುಚ್ಚುವಳು. ದಿನದ ಮೇಲೆ ದಿನ ಹೋದವು, ಒಂದು ಶಬ್ದವಿಲ್ಲ. ಅನಸೂಯಾ ಚಹಾ ಇಡುವುದನ್ನು ಬಿಟ್ಟಿರಲಿಲ್ಲ, ಆದರೆ ಲೋಟವನ್ನು ತುಸು ಕುಕ್ಕಿ ಇಡುತ್ತಿದ್ದಳು.

"ಮೊದಲಿನಂಗ ಮಾಡ್ರಲ್ಲ ಚಿಗವ್ವ. ಸುಳ್ಳ ಆಗ್ಲಿ, ಖರೇ ಆಗ್ಲಿ, ಮನ್ಯಾಗ ಒಂದ್ ದನಿ ಆರ ಇತ್ತು. ಮುದುಕಿ ಈಗ ನಗೂದೂ ಬಿಟ್ಟಾಳ."

ತುಟಿಯ ತುದಿಗೆ ಬಂದ ಕತ್ತರಿಯನ್ನು, ಮೊರವನ್ನು, ಕೊಡವನ್ನು ಶಾವಂತ್ರೆವ್ವ ದಿನವೂ ನುಂಗುತ್ತಿದ್ದಳು.

ಒಂದು ಮಧ್ಯಾಹ್ನ ಪಾಠದ ನಡುವೆ ದೀಪ ಆರಿತು. ಗೋಡೆಯದೂ ಆರಿತು. ಓಣಿಯಲ್ಲಿ ಯಾರೋ ಟವರಿನ ತಂತಿ ಕಡಿದಿದೆ ಎಂದು ಮಾತಾಡಿಕೊಳ್ಳುತ್ತ ಹೋದರು. ಅನಸೂಯಾ ನೀರಿಗೆ ಹೋಗಿದ್ದಳು. ಫಕೀರವ್ವನಿಗೆ ಆರಿದ ದೀಪ ಕಂಡಿತು. ಆಕೆ ಚಿತ್ರವನ್ನು ಪಕ್ಕಕ್ಕೆ ಸರಿಸಿ, ಮುಂದಕ್ಕೆ ಬಾಗಿ, ಎಡಗೈಯ ಬೆರಳಿಂದ ಶಾವಂತ್ರೆವ್ವನ ಕೆಳತುಟಿಯನ್ನು ಮುಟ್ಟಿದಳು. ಮಗುವಿನ ಬಾಯಿ ತೆರೆಸುವಂತೆ ಮೆಲ್ಲಗೆ ಎರಡು ಸಲ ತಟ್ಟಿದಳು. ಯಾರೂ ನೋಡುತ್ತಿಲ್ಲ, ಹೇಳೇ ಎಂಬಂತೆ.

ಒಂದು ಶಬ್ದ ಹೇಳಿದರೆ ಈ ಮುಖ ಅರಳುತ್ತದೆ, ಅದು ಶಾವಂತ್ರೆವ್ವನಿಗೆ ಗೊತ್ತಿತ್ತು. ಅವಳು ಆ ಬೆರಳನ್ನು ಹಿಡಿದು ತೊಡೆಯ ಮೇಲಿಟ್ಟಳು.

"ಇಲ್ಲಬೇ," ಎಂದಳು. "ನಾ ಹೇಳಿದ್ರ ಅದು ನನ್ನ ಮಾತಾಗತೈತಿ. ನಿನ್ನ ಮಾತು ಕೇಳಿ ವರ್ಷಾತು ನನಗ. ನನಗ ಅದು ಬೇಕು." ಫಕೀರವ್ವನ ಕೊರಳಿಂದ ಪಟ್ಟಿ ಬಿಚ್ಚಿ, ಕಿವಿಯ ಹಿಂದಿನ ಗುಂಡಿ ತೆಗೆದು ಡಬ್ಬಿಯಲ್ಲಿಟ್ಟಳು. "ಪಾಠ ಇಲ್ಲೀಗ. ಸುಮ್ಮನ ಕುಂದ್ರೂಣು."

ಫಕೀರವ್ವ ಸಿಟ್ಟಿನಿಂದ ಅವಳ ತುಟಿಗಳನ್ನೇ ನೋಡಿದಳು. ಅವು ಅಲ್ಲಾಡಲಿಲ್ಲ. ಬಹಳ ಹೊತ್ತು ಹಾಗೇ ಇದ್ದು, ಕಡೆಗೆ ಬೇಸತ್ತು ಕಣ್ಣನ್ನು ಬೇರೆಡೆ ಹೊರಳಿಸಿದಳು. ಮೂಗುಬೊಟ್ಟು ನೋಡಿದಳು. ಹಣೆ ನೋಡಿದಳು. ತಿಂಗಳುಗಟ್ಟಲೆ ಎದುರಿಗೇ ಇದ್ದ ಮುಖದಲ್ಲಿ ಹಾಗೆ ಅಡ್ಡಾಡುತ್ತ ಅವಳ ಬೈತಲೆಗೆ ಬಂದು ನಿಂತಳು. ಹುಬ್ಬು ಮೇಲಕ್ಕೆ ಹೋಯಿತು. ಬಾಯಿ ತೆರೆಯಿತು, ಮುಚ್ಚಿತು. ಜಂತಿ ನೋಡಿದಳು, ನೆಲ ನೋಡಿದಳು, ಬಾಗಿಲಾಚೆಯ ಬಿಸಿಲನ್ನು ನೋಡಿದಳು. ಶಾವಂತ್ರೆವ್ವ ಆ ಕಣ್ಣುಗಳ ಹಿಂದೆ ಹೋಗುತ್ತ ಉಸಿರಾಡುವುದನ್ನೇ ಮರೆತಿದ್ದಳು. ಯಾವ ಶಬ್ದವೆಂದು ಅವಳಿಗೂ ಗೊತ್ತಿರಲಿಲ್ಲ, ಕೈಯಲ್ಲಿ ಚಿತ್ರವಿರಲಿಲ್ಲ.

"ಬೆ..." ಎಂದಳು ಫಕೀರವ್ವ. ಎಡಗೈ ಎದ್ದು ಶಾವಂತ್ರೆವ್ವನ ಬೈತಲೆ ಮುಟ್ಟಿತು. "ಬೆ... ಬೆಳ್ಳಗ."

ಒರಟು ದನಿ, ಅಂಚು ಹರಿದ ಶಬ್ದ. ಕೂದಲು ಬೆಳ್ಳಗಾಗಿದೆ ಎನ್ನುತ್ತಿದ್ದಳು.

ಶಾವಂತ್ರೆವ್ವನಿಗೆ ಅಳಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು, ಅನಸೂಯಾಳನ್ನು ಕೂಗಬೇಕೆನಿಸಿತು. ಆದರೆ ಫಕೀರವ್ವನ ಕಣ್ಣು ಮತ್ತೆ ಜಂತಿಗೆ ಏರಿದ್ದವು. ಇನ್ನೊಂದು ಶಬ್ದವನ್ನು ಅರಸುತ್ತಿದ್ದಳು. ಶಾವಂತ್ರೆವ್ವ ನಾಲಿಗೆಯ ತುದಿಯನ್ನು ಕೆಳಹಲ್ಲಿಗೆ ಆನಿಸಿ ಕೂತಳು.

"ಯಾ... ಯಾವಾಗ?"

"ನೀ ಬಿದ್ದ ಮ್ಯಾಲೆ ಬೇ," ಎಂದಳು ಶಾವಂತ್ರೆವ್ವ. ಅದು ಪಾಠವಲ್ಲದ್ದರಿಂದ, ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡುವ ಹಾಗೆ ಕೊಟ್ಟಳು.

ಫಕೀರವ್ವ ಅದನ್ನು ಯೋಚಿಸಿದಳು. ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಮುಖದ ಒಂದು ಕಡೆಗೆ ನಗು ಬಂತು. ಶಾವಂತ್ರೆವ್ವ ಕಾದಳು.

"ನಂ..." ಎಂದಳು ಫಕೀರವ್ವ. "ನಂದೂ."